ಅವ್ವನ ಧಾಟಿಯ ರೆಕಾರ್ಡಿಂಗ್

ಹಾಡು ರೆಕಾರ್ಡ್ ಮಾಡುವ ಹುಚ್ಚು ನನ್ನನ್ನು ಬಿಟ್ಟುಹೋಗಿ ಎಷ್ಟೋ ವರ್ಷಗಳಾಗಿದ್ದವು. ಅದನ್ನು ಮತ್ತೆ ಹಚ್ಚಿದವಳು ನಮ್ಮಕ್ಕ. ಕಲಬುರಗಿಯ ಡಾಕ್ಟರು ಅವಳ ಗಂಟಲೊಳಗೆ ಕೊಳವೆ ಇಳಿಸಿ ನೋಡಿ, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾಗುತ್ತದೆ, ಹೈದರಾಬಾದಿಗೆ ಹೋಗಿ, ತಡ ಮಾಡಬೇಡಿ ಎಂದರು. ಎಲೆ ಅಡಿಕೆ ಸಹ ಹಾಕದವಳಿಗೆ ಅಲ್ಲೇ ಯಾಕೆ ಕ್ಯಾನ್ಸರ್ ಬಂತು ಎಂದು ದಾರಿಯುದ್ದಕ್ಕೂ ನಾನು ದೇವರನ್ನು ಬೈಯುತ್ತ ಬಂದೆ. ವಾಡಿಯ ಮನೆ ಮುಟ್ಟಿ ಚಪ್ಪಲಿ ಬಿಡುವ ಮೊದಲೇ ಅಕ್ಕ ಕೇಳಿದಳು.

"ನಿನ್ನ ಆ ಮಷೀನ್ ಎಲ್ಲಿಟ್ಟೀ?"

ಯಾವ ಮಷೀನ್ ಎಂದೆ.

"ಹಾಡು ಹಿಡಿಯೋದು. ಅವ್ವನ ಆರತಿ ಹಾಡು ಹಿಡಕೋ. ಅದು ನನ್ನ ಸಂಗಟ ಹೋಗಬಾರ್ದು."

ಆ ಹಾಡಿನ ಮಾತು ಸ್ವಲ್ಪ ಹೇಳಬೇಕು. ನಮ್ಮವ್ವನ ತವರು ಸನ್ನತಿ. ಭೀಮೆಯ ದಂಡೆಯ ಆ ಊರಿನ ದೇವಿಯೇ ನಮ್ಮ ಮನೆದೇವರು. ಶುಕ್ರವಾರ ದೇವಿಗೆ ಆರತಿ ಎತ್ತುವಾಗ ಹಾಡುವ ಹಾಡು ನಮ್ಮ ಕಡೆಯ ಸುಮಾರು ಮನೆಗಳಲ್ಲಿ ಎಲ್ಲರಿಗೂ ಬರುತ್ತದೆ, ಪುಸ್ತಕದಲ್ಲಿ ಅಚ್ಚಾಗಿಯೂ ಇದೆ. ಆದರೆ ಅವ್ವನ ಧಾಟಿ ಬೇರೆ. ಎರಡನೆಯ ಸಾಲಿಗೆ ಬಂದಾಗ ಇನ್ನೇನು ಮೇಲಕ್ಕೆ ಏರುತ್ತದೆ ಅಂದುಕೊಳ್ಳುತ್ತೀರಿ, ಏರುವುದಿಲ್ಲ. ಅಲ್ಲೇ ಒಂದು ಸುತ್ತು ಸುತ್ತಿ, ಸ್ವಲ್ಪ ನಿಂತು, ಮೆಲ್ಲಗೆ ಇಳಿದು ಆಧಾರ ಸ್ವರವಾದ ಷಡ್ಜಕ್ಕೆ ಬಂದು ಕೂಡುತ್ತದೆ. ಅದು ಅವಳಿಗೆ ಅವಳ ಅಜ್ಜಿಯಿಂದ ಬಂದದ್ದಂತೆ. ಅವ್ವ ಹೋದಮೇಲೆ ಅದು ಅಕ್ಕನೊಬ್ಬಳ ಗಂಟಲಲ್ಲಿ ಉಳಿದಿತ್ತು, ಈಗ ಆ ಗಂಟಲಿಗೇ ಕತ್ತರಿ ಬೀಳುವುದಿತ್ತು.

ಯಾರಿಗಾದರೂ ಕಲಿಸಬಾರದಾಗಿತ್ತೇ ಎಂದು ನೀವು ಕೇಳಬಹುದು. ಅಕ್ಕನ ಮುಂದೆ ಕೂತು ಕಲಿಯುವುದೆಂದರೆ ಆಟವೇ! ಅವಳು ಚಿತ್ತಾಪುರದ ಹೆಣ್ಣುಮಕ್ಕಳ ಶಾಲೆಯಲ್ಲಿ ಸಂಗೀತ ಹೇಳಿಕೊಡುತ್ತಿದ್ದವಳು. ಮದುವೆಯ ಗೊಡವೆಗೆ ಹೋಗಲಿಲ್ಲ, ನಮ್ಮ ಮನೆಯಿಂದಲೇ ಹೋಗಿಬಂದು ಮಾಡಿ ನೌಕರಿ ಮುಗಿಸಿದಳು. ಕೂದಲೆಳೆಯಷ್ಟು ಸ್ವರ ಸರಿದರೂ ಮೈಮೇಲೆ ಕಾದೆಣ್ಣೆ ಬಿದ್ದಂತೆ ಮಾಡುತ್ತಿದ್ದಳು. ನನ್ನ ಹೆಂಡತಿ ಹೊಸದಾಗಿ ಮನೆಗೆ ಬಂದಾಗ ಆರತಿ ಹಾಡು ಕಲಿಯುತ್ತೇನೆಂದು ಭಕ್ತಿಯಿಂದ ಕೂತಳು. ತಿಂಗಳುಗಟ್ಟಲೆ ಒಂದೇ ಸಾಲು. ಕೊನೆಗೆ ನಿಮ್ಮ ಹಾಡು ನಿಮಗೇ ಇರಲಿ ಎಂದು ಎದ್ದು ಅಡಿಗೆಮನೆಗೆ ಹೋದವಳು ತಿರುಗಿ ಆ ಚಾಪೆಯ ಮೇಲೆ ಕೂಡಲಿಲ್ಲ. ನನ್ನ ಬಾಯಿಯನ್ನಂತೂ ಅಕ್ಕ ನಾನು ಚಿಕ್ಕವನಿದ್ದಾಗಲೇ ಮುಚ್ಚಿಸಿದ್ದಳು. ಬಳಗದವರ ಮದುವೆಯೊಂದರಲ್ಲಿ ಮದುಮಗಳು ಹಾಡಿದಾಗ ಎಲ್ಲರೂ ಭೇಷ್ ಭೇಷ್ ಅಂದರೆ, ಇವಳು ಊಟದ ಎಲೆಯ ಮುಂದೆ ಕೂತೇ ಪಂಚಮ ಇಳಿದಿದೆ ಎಂದಳು. ಬೀಗರು ಮುಖ ಗಂಟು ಹಾಕಿಕೊಂಡರು. ಒಬ್ಬರ ಮನಸ್ಸು ನೋಯುತ್ತದೆಂದು ತಪ್ಪು ಸ್ವರವನ್ನು ಸರಿ ಅನ್ನುವ ಪದ್ಧತಿ ಅವಳಲ್ಲಿ ಇರಲಿಲ್ಲ.

ಹಾಡಲು ಬಾರದ ನಾನು ಹಾಡು ಹಿಡಿಯುವವನಾದೆ. ರೈಲ್ವೆಯ ಗೂಡ್ಸ್ ಆಫೀಸಿನಲ್ಲಿ ಕೆಲಸ, ಮನೆಗೆ ಬಂದರೆ ಕ್ಯಾಸೆಟ್ಟು, ವೈರು, ಮೈಕು. ಮುಂದೆ ಕಂಪ್ಯೂಟರ್ ತಂದು ಅದರಲ್ಲೂ ಮಾಡಿದೆ. ಅಕ್ಕ ಹಾಡಿದ ದೇವರನಾಮಗಳನ್ನು ಎಷ್ಟೋ ಹಿಡಿದಿದ್ದೆ. ಆ ಕ್ಯಾಸೆಟ್ಟುಗಳಿಗೆಲ್ಲ ಬೂಷ್ಟು ಬಂತು, ಕಂಪ್ಯೂಟರ್ ಗುಜರಿಗೆ ಹೋಯಿತು, ನಾನೂ ತಲೆ ಕೆಡಿಸಿಕೊಳ್ಳಲಿಲ್ಲ. ಆದರೆ ಆಗಲೂ ಆರತಿ ಹಾಡನ್ನು ಮಾತ್ರ ಅಕ್ಕ ಕೊಟ್ಟಿರಲಿಲ್ಲ. ಅದು ದೇವರಿಗೆ ಹಾಡುವುದು, ಟೇಪಿಗಲ್ಲ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಿದ್ದಳು. ಈಗ ಅವಳೇ ಬಾಯಿಬಿಟ್ಟು ಕೇಳಿದ್ದಳು.

ಸೇಡಂನ ಅಂಗಡಿಯಿಂದ ಲ್ಯಾಪ್‌ಟಾಪ್ ತಂದೆ. ಯಾವ ಸಾಫ್ಟ್‌ವೇರ್ ಹಾಕಿದರೂ ಕುದುರೆಯ ಹಾಗೆ ಓಡುತ್ತದೆ ಎಂದು ಅಂಗಡಿಯವನು ಎದೆ ತಟ್ಟಿ ಹೇಳಿದ. ಕುದುರೆ ಓಡುವುದು ಹಾಗಿರಲಿ, ಯಾವ ಕುದುರೆ ಎಂದು ಆರಿಸುವುದರಲ್ಲೇ ನನ್ನ ಹೆಣ ಬಿತ್ತು. ನನ್ನ ಕಾಲದಲ್ಲಿ ಒಂದು ಸಾಫ್ಟ್‌ವೇರ್ ಇತ್ತು, ಕೆಂಪು ಗುಂಡಿ ಒತ್ತಿದರೆ ಹಿಡಿಯುತ್ತಿತ್ತು, ಚೌಕ ಗುಂಡಿ ಒತ್ತಿದರೆ ನಿಲ್ಲುತ್ತಿತ್ತು. ಈಗ ಒಂದಕ್ಕೆ ಮನೆ ಬಾಡಿಗೆಯ ಹಾಗೆ ತಿಂಗಳು ತಿಂಗಳು ದುಡ್ಡು ಕಟ್ಟಬೇಕು. ಇನ್ನೊಂದು ಬೇರೆ ಕಂಪನಿಯ ಕಂಪ್ಯೂಟರ್ ಇದ್ದವರಿಗೆ ಮಾತ್ರ. ಮತ್ತೊಂದು ಪುಕ್ಕಟೆ, ಆದರೆ ತೆರೆದರೆ ಪರದೆಯ ತುಂಬ ಗುಂಡಿಗಳು, ವಿಮಾನದ ಡ್ರೈವರನ ಮುಂದೆ ಇರುತ್ತವಲ್ಲ ಹಾಗೆ. ಹಾಡು ಹಿಡಿಯಬೇಕಪ್ಪಾ ಎಂದರೆ ಅದು ನನ್ನ ಇಮೇಲ್ ಕೇಳುತ್ತದೆ, ಫೋನಿಗೆ ನಂಬರ್ ಕಳಿಸುತ್ತದೆ, ಆ ನಂಬರ್ ಹಾಕುವುದರೊಳಗೆ ಹೊತ್ತು ಮೀರಿತು ಅನ್ನುತ್ತದೆ. ಹಾಳಾಗಿ ಹೋಗು ಎಂದು ಬೈದು ಮುಚ್ಚುತ್ತಿದ್ದೆ. ಅಡಿಗೆಮನೆಯಿಂದ ಹೆಂಡತಿ ಯಾರಿಗೆ ಬೈಯುತ್ತಿದ್ದೀರಿ ಎಂದು ಕೇಳುತ್ತಿದ್ದಳು. ಅತ್ತ ಆಪರೇಷನ್ನಿನ ದಿನ ಹತ್ತಿರ ಬರುತ್ತಿತ್ತು, ಅಕ್ಕನ ದನಿ ದಿನದಿನಕ್ಕೆ ಒಡೆಯುತ್ತಿತ್ತು.

ಕಡೆಗೆ ಶಹಾಬಾದಿಗೆ ಹೋದೆ. ಅಲ್ಲಿ ನನ್ನ ಹಳೆಯ ದೋಸ್ತನದು ಮೈಕ್ ಸೆಟ್ಟಿನ ಅಂಗಡಿ. ಒಳ್ಳೆಯ ತಬಲಾ ನುಡಿಸುವವನು. ಗಣಪತಿ ಕೂಡಿಸಿದಲ್ಲಿ ಅಕ್ಕ ಹಾಡಿದಾಗೆಲ್ಲ ಸಾಥ್ ಕೊಟ್ಟವನು ಇವನೇ. ಅಕ್ಕನ ಸುದ್ದಿ ಕೇಳಿದವನೇ ಅಂಗಡಿಯ ಹಿಂದಿನ ಕೋಣೆಗೆ ಕರೆದುಕೊಂಡು ಹೋಗಿ ತಾನು ಬಳಸುವ ಹೊಸ ಸಾಫ್ಟ್‌ವೇರ್ ತೋರಿಸಿದ. ಅದರಲ್ಲಿ ಒಂದು ಸೌಲಭ್ಯವಿತ್ತು. ಹಾಡುವ ಮೊದಲು ಕೋಣೆಯಲ್ಲಿ ಎಲ್ಲರೂ ಗಪ್ ಆಗಬೇಕು. ಗುಂಡಿ ಒತ್ತಿದರೆ ಅದು ಕೋಣೆಯ ಸದ್ದನ್ನು ಕೇಳಿ ಕಲಿಯುತ್ತದೆ. ಆಮೇಲೆ ಹಾಡು ಹಿಡಿಯುವಾಗ ಆ ಸದ್ದನ್ನಷ್ಟೇ ಆರಿಸಿ ಬಿಸಾಡಿ, ಉಳಿದದ್ದನ್ನು ತುಂಬಿಕೊಳ್ಳುತ್ತದೆ. ಹಬ್ಬಕ್ಕೆ ಪೈಗಂಬರರ ಸ್ತುತಿಯ ನಾತ್ ಹಾಡುವವರು ಬಂದಾಗ ಇದರಲ್ಲೇ ಹಿಡಿಯುತ್ತೇನೆ ಎಂದು ಒಂದನ್ನು ಕೇಳಿಸಿದ. ಹೊರಗೆ ಲಾರಿ ಓಡಾಡುವ ರಸ್ತೆ, ರೆಕಾರ್ಡಿಂಗಿನಲ್ಲಿ ಹಾಡಿದವನ ಉಸಿರು ಬಿಟ್ಟರೆ ಬೇರೆ ಸದ್ದಿಲ್ಲ. ನನಗೆ ಹೋದ ಜೀವ ಬಂದಂತಾಯಿತು. ಯಾಕೆಂದರೆ ವಾಡಿಯಲ್ಲಿ ಸಿಮೆಂಟ್ ಫ್ಯಾಕ್ಟರಿಯ ಗುಂಯ್ ಎಂಬ ಸದ್ದು ಯಾವಾಗಲೂ ಇದ್ದದ್ದೇ, ಮೇಲೆ ಗೂಡ್ಸ್ ಗಾಡಿಗಳ ಶಂಟಿಂಗು.

"ಫಿಕರ್ ಮಾಡಬ್ಯಾಡ ಯಾರ್," ಅಂದ ಅವನು. "ಅಕ್ಕೋರ ದನಿ ಒಂದು ಬಿಟ್ಟು ಎಲ್ಲಾ ಸಾಫ್ ಮಾಡ್ತದ ಇದು."

ನಮ್ಮ ದೇವರ ಕೋಣೆಗೆ ನೆಲವೂ ಶಹಾಬಾದಿ ಕಲ್ಲು, ಗೋಡೆಗೂ ಅದೇ ಕಲ್ಲು, ದನಿ ಮೊಳಗುತ್ತದೆ, ಗೋಡೆಗೆ ಕೌದಿ ಕಟ್ಟು ಎಂದೂ ಹೇಳಿಕೊಟ್ಟ. ಚಿಂಚೋಳಿಯ ಕಡೆ ಅಡವಿಯಂಚಿಗೆ ಪರಿಚಯದವರ ಹೊಲದ ಮನೆಯಿದೆ, ಹಕ್ಕಿ ಸದ್ದು ಬಿಟ್ಟರೆ ಏನಿಲ್ಲ, ಅಲ್ಲಿಗೆ ಹೋಗೋಣ ಎಂದೂ ಅಂದ. ಅಕ್ಕನಿಗೆ ಹೇಳಿದರೆ ದೇವಿಯನ್ನು ಹೊತ್ತುಕೊಂಡು ಹೊಲಕ್ಕೆ ಹೋಗಲೇ ಎಂದು ನನ್ನ ಮೇಲೇ ತಿರುಗಿಬಿದ್ದಳು. ದೇವರ ಮುಂದೆ, ಶುಕ್ರವಾರ, ಆರತಿ ಎತ್ತುವಾಗ ಹಾಡುತ್ತೇನೆ, ಹಿಡಿದುಕೋ ಎಂದಳು. ಮೊದಲು ಒಂದು ಸಲ ಹಾಡಿ ತೋರಿಸು, ಮಷೀನ್ ಪರೀಕ್ಷೆ ಮಾಡಬೇಕು ಎಂದೆ. ಆರತಿ ಹಾಡಿನಲ್ಲಿ ಪರೀಕ್ಷೆ ಇರುವುದಿಲ್ಲ ಎಂದಳು. ಹೈದರಾಬಾದಿಗೆ ಹೋಗುವ ಮೊದಲು ಸಿಗುವ ಶುಕ್ರವಾರ ಅದೊಂದೇ.

ಹಿಂದಿನ ದಿನ ನನ್ನ ದನಿಯಲ್ಲೇ ಪರೀಕ್ಷೆ ಮಾಡಿದೆ. ಕೌದಿ ಕಟ್ಟಿ, ಫ್ಯಾನು ಆರಿಸಿ, ಗುಂಡಿ ಒತ್ತಿ, ಹಲೋ ಹಲೋ ಎಂದು ಕೂಗಿ, ಒಂದು ಶ್ಲೋಕವನ್ನೂ ಹೇಳಿ ಕೇಳಿದೆ. ಫ್ಯಾಕ್ಟರಿ ಮಾಯ! ಜನ್ಮದಲ್ಲಿ ಮೊದಲ ಸಲ ವಾಡಿಯಲ್ಲಿ ನಿಶ್ಶಬ್ದ ಎಂದರೇನೆಂದು ಕೇಳಿದೆ. ಹೆಂಡತಿಯನ್ನು ಕರೆದು ಕೇಳಿಸಿದೆ. ಹೆಮ್ಮೆಯೆಂದರೆ ಹೆಮ್ಮೆ ನನಗೆ.

ಶುಕ್ರವಾರ ಬೆಳಿಗ್ಗೆ ಅಕ್ಕ ತಲೆಗೆ ಸ್ನಾನ ಮಾಡಿ, ಮಡಿಯುಟ್ಟು ಬಂದಳು. ಮಡಿಯಲ್ಲಿರುವವಳನ್ನು ನಾನು ಮುಟ್ಟುವ ಹಾಗಿಲ್ಲ, ನನ್ನ ವೈರು ಅವಳಿಗೆ ತಾಕುವ ಹಾಗಿಲ್ಲ. ಮೈಕನ್ನು ಮಣೆಯ ಮೇಲೆ ದೂರ ಇಟ್ಟು ನಾನು ಹೊಸ್ತಿಲಾಚೆ ಲ್ಯಾಪ್‌ಟಾಪ್ ಹಿಡಿದು ಕೂತೆ. ಹೆಡ್‌ಫೋನ್ ಹಾಕಿಕೊಳ್ಳಹೋದರೆ, ಆರತಿಯ ಹೊತ್ತಿಗೆ ಕಿವಿ ಮುಚ್ಚಿಕೊಂಡು ಕೂಡುತ್ತೀಯೇನೋ ಎಂದು ಒಡಕು ದನಿಯಲ್ಲೇ ಗದರಿದಳು, ತೆಗೆದಿಟ್ಟೆ. ಅವಳು ದೀಪ ಹಚ್ಚಿದಳು. ದೀಪದ ಬೆನ್ನಿಗೇ, ಷಡ್ಜ ಪಂಚಮಗಳನ್ನು ಬಿಡದೆ ನುಡಿಸುವ ಶ್ರುತಿ ಪೆಟ್ಟಿಗೆ ಹಚ್ಚಿದಳು. ನಮ್ಮ ಮನೆಯಲ್ಲಿ ಅದು ಅವ್ವನ ಕಾಲದಿಂದ ಬಂದ ರೂಢಿ. ಮೊದಲು ಕೈಯಿಂದ ಒತ್ತುವ ಪೆಟ್ಟಿಗೆ ಇತ್ತು, ಈಗ ಕರೆಂಟಿನದು. ದೀಪ ಹತ್ತಿತೆಂದರೆ ಶ್ರುತಿ ಶುರುವಾಗಬೇಕು, ಮಂಗಳಾರತಿ ಮುಗಿಯುವ ತನಕ ಅದನ್ನು ಆರಿಸುವ ಹಾಗಿಲ್ಲ, ದೀಪವನ್ನು ಹೇಗೆ ನಡುವೆ ಆರಿಸುವುದಿಲ್ಲವೋ ಹಾಗೆ.

ಸಾಫ್ಟ್‌ವೇರ್ ತೆರೆದೆ. ಪ್ರತಿ ಸಲವೂ ಅದು ಹೊಸದಾಗಿ ಕಲಿಯಬೇಕಂತೆ, ಎಲ್ಲರೂ ಸುಮ್ಮನಿರಿ ಎಂದು ಪರದೆಯ ಮೇಲೆ ಬರೆದು ತೋರಿಸಿತು. ನಾನು ಕೈ ಎತ್ತಿದೆ. ಹೆಂಡತಿ ಕುಕ್ಕರ್ ಇಳಿಸಿ ಸ್ಟೋವ್ ಆರಿಸಿದಳು. ಪಕ್ಕದ ಮನೆಯ ಟೀವಿಯನ್ನೂ ಹೇಳಿ ಆರಿಸಿಸಿದ್ದೆ. ಅಕ್ಕ ಕಣ್ಣು ಮುಚ್ಚಿ ಉಸಿರು ಬಿಗಿಹಿಡಿದು ಕೂತಳು. ಗುಂಡಿ ಒತ್ತಿದೆ. ಅದು ಕೇಳಿತು, ಕಲಿತೆ ಎಂದು ಹಸಿರು ದೀಪ ತೋರಿಸಿತು. ಮೂರು ಜನರೂ ಮೂಕರ ಹಾಗೆ ಕೂತಿದ್ದೆವು, ದೇವರ ಕೋಣೆಯ ತುಂಬ ಶ್ರುತಿ ಪೆಟ್ಟಿಗೆ ಮೊಳಗುತ್ತಿತ್ತು. ನಮ್ಮಲ್ಲಿ ಒಬ್ಬರಿಗಾದರೂ ಅದು ಒಂದು ಸದ್ದು ಅನ್ನಿಸಬೇಕಲ್ಲ! ಅನ್ನಿಸಲಿಲ್ಲ. ನಮ್ಮ ಮನೆಯಲ್ಲಿ ಶ್ರುತಿಯನ್ನು ಯಾರೂ ಸದ್ದು ಎಂದು ಎಣಿಸಿದವರಲ್ಲ.

ಅಕ್ಕ ಹಾಡಿದಳು. ಎಲ್ಲಿಂದ ತಂದಳೋ ಆ ದನಿಯನ್ನು. ಹಿಂದಿನ ದಿನ ನೀರು ಕೇಳಲೂ ಆಗದೆ ಸನ್ನೆ ಮಾಡಿದವಳು, ಅಂದು ಮೊದಲಿನಿಂದ ಕೊನೆಯವರೆಗೆ ಪೂರಾ ಹಾಡಿದಳು. ಮೇಲಿನ ಸ್ವರಗಳಲ್ಲಿ ದನಿ ಅಲ್ಲಲ್ಲಿ ಬಿರುಕು ಬಿಟ್ಟಿತು, ಜಾರಿತು. ಆದರೆ ಷಡ್ಜಕ್ಕೆ ಬಂದು ನಿಂತಳೆಂದರೆ ಪೆಟ್ಟಿಗೆಯ ದನಿ ಯಾವುದು, ಅವಳ ದನಿ ಯಾವುದು ಗೊತ್ತಾಗಲಿಲ್ಲ. ಎರಡನೆಯ ಸಾಲಿನ ಆ ಸುತ್ತು ಬಂದಾಗ ನನಗೆ ಅವ್ವನ ಸೀರೆಯ ಸೆರಗು ಕಂಡಂತಾಗಿ ಕಣ್ಣು ತುಂಬಿತು. ಪರದೆಯ ಮೇಲೆ ಗೆರೆಗಳು ಓಡುತ್ತಿದ್ದವು, ನಾನು ಅವನ್ನು ಸರಿಯಾಗಿ ನೋಡಲಿಲ್ಲ. ಆರತಿ ಮುಗಿದಮೇಲೆ ಅಕ್ಕ ದಣಿದು ಗೋಡೆಗೆ ಒರಗಿ, ಬಂತೇ ಎಂದು ಹುಬ್ಬು ಹಾರಿಸಿ ಕೇಳಿದಳು. ಬಂತು ಎಂದೆ. ಈಗ ಕೇಳುತ್ತೀಯಾ ಎಂದೆ. ಬೇಡವೆಂದು ಕೈ ಆಡಿಸಿದಳು. ಅವಳು ಕೇಳದೆ ನಾನು ಮೊದಲು ಕೇಳುವುದು ಸರಿಯಲ್ಲವೆಂದು ನಾನೂ ಮುಚ್ಚಿಟ್ಟೆ.

ಹೈದರಾಬಾದಿನಲ್ಲಿ ಆಪರೇಷನ್ ಆಯಿತು. ಕುತ್ತಿಗೆಯಲ್ಲಿ ಉಸಿರಾಡಲು ಒಂದು ತೂತು, ಅದಕ್ಕೊಂದು ಕೊಳವೆ. ಸ್ವಲ್ಪ ಚೇತರಿಸಿಕೊಂಡು ಎದ್ದು ಕೂಡುವಂತಾದ ಮೇಲೆ ಒಂದು ಮಧ್ಯಾಹ್ನ ನನ್ನ ಚೀಲದ ಕಡೆ ಬೆರಳು ತೋರಿಸಿದಳು, ಆಮೇಲೆ ಕಿವಿಯ ಕಡೆ. ತಿಳಿಯಿತು. ಲ್ಯಾಪ್‌ಟಾಪ್ ತೆಗೆದು ಅವಳ ಮಂಚದ ಮೇಲಿಟ್ಟು ಹಚ್ಚಿದೆ.

ಏನು ಕೇಳಿಸಿತು ಎಂದು ಹೇಗೆ ಹೇಳಲಿ. ಬಾವಿಯ ನೀರೊಳಗೆ ಮುಳುಗಿ ಯಾರೋ ಗುಳುಗುಳು ಎಂದಂತೆ. ನಡುನಡುವೆ ಒಂದು ಚೂರು ದನಿ ಮೇಲೆದ್ದು ಬರುವುದು, ಮತ್ತೆ ಇಲ್ಲವಾಗುವುದು. ಲ್ಯಾಪ್‌ಟಾಪ್ ಕೆಟ್ಟಿದೆ ಅಂದುಕೊಂಡು ಆರಿಸಿ ಮತ್ತೆ ಹಚ್ಚಿದೆ. ಅದೇ. ಅಕ್ಕ ಮಾತ್ರ ತಲೆ ಬಾಗಿಸಿ ಗಮನವಿಟ್ಟು ಕೇಳುತ್ತಿದ್ದಳು, ಶಾಲೆಯಲ್ಲಿ ಹುಡುಗಿಯರ ಹಾಡು ಕೇಳುತ್ತಿದ್ದ ಹಾಗೆ. ದನಿ ಇಲ್ಲವಾದ ಕಡೆಯಲ್ಲೆಲ್ಲ ಬೆರಳೆತ್ತಿ ಹಾಸಿಗೆಯ ಮೇಲೆ ಬಡಿದಳು. ಎಲ್ಲ ಷಡ್ಜ, ಎಲ್ಲ ಪಂಚಮ. ಎಲ್ಲಿ ಅವಳು ಶ್ರುತಿಗೆ ಸರಿಯಾಗಿ ಕೂಡಿದ್ದಳೋ ಅಲ್ಲೆಲ್ಲ ಖಾಲಿ. ಬೇನೆಯ ಗಂಟಲು ಎಲ್ಲಿ ಜಾರಿತ್ತೋ, ಎಲ್ಲಿ ಬಿರುಕು ಬಿಟ್ಟಿತ್ತೋ, ಅಷ್ಟು ಮಾತ್ರ ನಿಚ್ಚಳವಾಗಿ, ತೊಳೆದಿಟ್ಟ ಪಾತ್ರೆಯ ಹಾಗೆ, ಉಳಿದಿತ್ತು. ಜನ್ಮವಿಡೀ ಅವಳು ಯಾವುದನ್ನು ತಪ್ಪು ತಪ್ಪು ಎಂದು ಬೈದಿದ್ದಳೋ ಅದಷ್ಟನ್ನೇ ಆ ದರಿದ್ರ ಸಾಫ್ಟ್‌ವೇರ್ ಹಾಡು ಎಂದು ಇಟ್ಟುಕೊಂಡಿತ್ತು. ನನಗೆ ಇನ್ನೂ ಏನಾಗಿದೆ ಎಂದು ತಿಳಿದಿರಲಿಲ್ಲ, ಅಕ್ಕನಿಗೆ ತಿಳಿದುಹೋಗಿತ್ತು. ಲ್ಯಾಪ್‌ಟಾಪ್ ಮೆಲ್ಲಗೆ ತಾನೇ ಮುಚ್ಚಿ ಗೋಡೆಯ ಕಡೆ ಹೊರಳಿ ಮಲಗಿದಳು.

ಹೊರಗೆ ವರಾಂಡಕ್ಕೆ ಬಂದು ದೋಸ್ತನಿಗೆ ಫೋನ್ ಮಾಡಿ ಬಾಯಿಗೆ ಬಂದಂತೆ ಬೈದೆ. ಅವನು ಎಲ್ಲ ಕೇಳಿಸಿಕೊಂಡ. ಆಮೇಲೆ, ಗುಂಡಿ ಒತ್ತಿದಾಗ ಶ್ರುತಿ ಚಾಲೂ ಇತ್ತೇ ಎಂದು ಕೇಳಿದ. ಇರದೆ ಏನು, ದೀಪ ಹಚ್ಚಿತ್ತಲ್ಲ ಎಂದೆ. ಅಲ್ಲಿಗೆ ಅವನಿಗೆ ಎಲ್ಲ ತಿಳಿದು, ನನಗೂ ಬಿಡಿಸಿ ಹೇಳಿದ. ಅವನ ನಾತ್ ಹಾಡುವವರು ಬರೀ ದನಿಯಲ್ಲಿ ಹಾಡುವವರು, ಶ್ರುತಿಯ ವಿಚಾರ ಅವನ ತಲೆಗೂ ಬಂದಿರಲಿಲ್ಲ. ಅಕ್ಕ ಎಷ್ಟು ಚೆನ್ನಾಗಿ ಶ್ರುತಿಯಲ್ಲಿ ಸೇರಿದ್ದಳೋ ಅಷ್ಟೂ ದನಿಯನ್ನು ಅದು ಕೋಣೆಯ ಸದ್ದು ಎಂದು ತಿಳಿದು ಹೊರಗೆ ಎಸೆದಿತ್ತು. ಹಿಡಿಯುವಾಗಲೇ ಎಸೆದದ್ದರಿಂದ ಅಸಲು ಎಂಬುದು ಎಲ್ಲೂ ಇರಲಿಲ್ಲ.

ಊರಿಗೆ ಮರಳಿದ ಮೇಲೆ ಶಹಾಬಾದಿಗೆ ಹೋಗಿ ಅವನ ಮುಂದೆ ಕೂತೆ. ಎರಡು ಮೂರು ಬೇರೆ ಸಾಫ್ಟ್‌ವೇರಿನಲ್ಲಿ ಹಾಕಿ ಎಳೆದ, ಜಗ್ಗಿದ. ಸಿಟ್ಟು ಮಾಡಿಕೊಂಡು ಒಮ್ಮೆ ಅಂಗಡಿಯ ಶಟರ್ ಇಳಿಸಿ ಕೂತು ಮಾಡಿದ. ಕೊನೆಗೆ ಹೆಡ್‌ಫೋನ್ ತೆಗೆದು ಟೇಬಲ್ಲಿನ ಮೇಲಿಟ್ಟ.

"ಇದರಾಗ ಇಲ್ಲದ್ದು ನಾ ಎಲ್ಲಿಂದ ತರ್ಲಿ ಯಾರ್. ತಬಲಾ ಠೇಕಾ ಕೇಳು, ಕಣ್ಣು ಮುಚ್ಚಿ ಬಾರಸ್ತೀನಿ. ಆದ್ರ ಅಕ್ಕೋರ ಧಾಟಿ ನನಗ ಬರಂಗಿಲ್ಲ."

ಸನ್ನತಿಗೂ ಹೋದೆ. ಸೋದರಮಾವನ ಮನೆಯಲ್ಲಿ ಈಗಿನ ಸೊಸೆ ಪಾಪ, ಕಾಫಿ ಕೊಟ್ಟು, ಆರತಿ ಹಾಡು ಹಾಡಿದಳು. ಅದು ಮೊಬೈಲಿನಲ್ಲಿ ಬರುವ ಧಾಟಿ, ಎರಡನೆಯ ಸಾಲು ಸೀದಾ ಮೇಲಕ್ಕೇ ಹೋಯಿತು. ಚೆನ್ನಾಗಿದೆ ತಾಯಿ ಎಂದು ಹೇಳಿ ಎದ್ದೆ. ಭೀಮೆಯ ದಂಡೆಯಲ್ಲಿ ಕೂತು ನನ್ನ ತಲೆಯೊಳಗಿದ್ದದ್ದನ್ನು ಮೆಲ್ಲಗೆ ಗುನುಗಿ ನೋಡಿದೆ. ಹುಟ್ಟಿದಾಗಿನಿಂದ ಕೇಳಿದ ಹಾಡು. ಕೇಳುವಾಗ ಎಲ್ಲ ಗೊತ್ತಿತ್ತು, ಹಾಡಹೋದರೆ ಆ ಸುತ್ತಿನ ಬಾಗಿಲೇ ಸಿಗುತ್ತಿರಲಿಲ್ಲ. ಇಷ್ಟು ವರ್ಷ ಕಿವಿ ಇಟ್ಟುಕೊಂಡು ಏನು ಮಾಡಿದೆ ಎಂದು ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಮುಂದಿನ ಶುಕ್ರವಾರ ಹೆಂಡತಿ ದೀಪ ಹಚ್ಚಿದಳು, ಶ್ರುತಿ ಹಚ್ಚಿದಳು. ಹಾಡುವವರು ಯಾರು? ನಾನು ಕೂತೆ. ಅಕ್ಕ ಎದುರಿಗೆ ಗೋಡೆಗೆ ಒರಗಿ ಕೂತಿದ್ದಳು. ಮೊದಲ ಸಾಲಿಗೇ ತಲೆ ಅಡ್ಡ ಆಡಿಸಿದಳು. ಮತ್ತೆ ಹಾಡಿದೆ. ಮತ್ತೆ ಅಡ್ಡ. ಕೈಯಿಂದ ಮೇಲೆ, ಕೆಳಗೆ, ಸುತ್ತು ಎಂದು ಗಾಳಿಯಲ್ಲಿ ಬರೆದು ತೋರಿಸಿದಳು. ಎರಡನೆಯ ಸಾಲಿನಲ್ಲಿ ನನ್ನ ಕೈ ಹಿಡಿದು, ಆ ಕೈಯನ್ನೇ ಸುತ್ತಿಸಿದಳು. ಕೈಗೆ ತಿಳಿಯಿತು, ಗಂಟಲಿಗೆ ತಿಳಿಯಲಿಲ್ಲ. ಕುತ್ತಿಗೆಯ ತೂತಿನಿಂದ ಅವಳ ಉಸಿರು ಸೊಂಯ್ ಸೊಂಯ್ ಎನ್ನುತ್ತಿತ್ತು. ಹೇಳಲು ನೋಡುತ್ತಿದ್ದಳು, ಬರೀ ತುಟಿ ಅಲುಗುತ್ತಿತ್ತು. ಹಾಗೆ ಎಷ್ಟೋ ಶುಕ್ರವಾರ ನಡೆಯಿತು. ಒಂದು ದಿನ ನಾನು ಸಿಟ್ಟಿಗೆದ್ದು ಅತ್ತೇಬಿಟ್ಟೆ.

"ನನಗ ಬರಂಗಿಲ್ಲ ಅಕ್ಕಾ. ಸತ್ತರೂ ಬರಂಗಿಲ್ಲ."

ಅಕ್ಕ ದೀಪದ ಕಡೆ ನೋಡುತ್ತ ಕೂತಳು.

ಹೋದ ಶುಕ್ರವಾರ ಮತ್ತೆ ಹಾಡಿದೆ. ಎರಡನೆಯ ಸಾಲಿಗೆ ಬಂದೆ, ಸುತ್ತು ತಪ್ಪಿತು. ನಿಲ್ಲಬೇಕಾದಲ್ಲಿ ನಿಲ್ಲಲಿಲ್ಲ, ಷಡ್ಜಕ್ಕೆ ಇಳಿದದ್ದೂ ಸರಿ ಕೂಡಲಿಲ್ಲ. ಸ್ವರಜ್ಞಾನವಿಲ್ಲದ ನನ್ನ ಹೆಂಡತಿಗೂ ಅದು ಗೊತ್ತಾಗಿ ಆರತಿ ತಟ್ಟೆ ಹಿಡಿದವಳು ತಲೆ ತಗ್ಗಿಸಿದಳು. ನಾನು ಹಾಡು ನಿಲ್ಲಿಸಿ ಬೈಗುಳಕ್ಕೆ ಕಾಯುವವನಂತೆ ಅಕ್ಕನ ಮುಖ ನೋಡಿದೆ. ಅವಳು ನನ್ನನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಸರಿ ಎಂದು ತಲೆಯಾಡಿಸಿದಳು.